ಒಂದೇ ಒಂದು ಕೆಂಪು

ಫೆಬ್ರವರಿ 3, 2025, ಸೋಮವಾರ

ಸಿಮೆಂಟ್ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಜನವರಿ ಪೂರ್ತಿ ಖಾಲಿ ಬಿದ್ದಿತ್ತು. ಇವತ್ತು ಯಾರಿಗಾದರೂ ಹೇಳಬೇಕಾದ ಸಂಗತಿಯೊಂದು ನಡೆಯಿತು. ಹೇಳೋಣವೆಂದರೆ ಹೆಂಡತಿ ಚಕ್ರೇಶ್ವರಿ ಇಲ್ಲ. ಅವಳು ತೀರಿಕೊಂಡು ಬರುವ ಶ್ರಾವಣಕ್ಕೆ ಎರಡು ವರ್ಷ. ಇದ್ದಿದ್ದರೆ ಒಲೆಯ ಮುಂದೆ ಕೂತು "ಆಮೇಲೆ?" "ಆಮೇಲೆ?" ಅನ್ನುತ್ತಲೇ ನನ್ನ ಬಾಯಿಂದ ಎಲ್ಲವನ್ನೂ ಹೊರಡಿಸುತ್ತಿದ್ದಳು. ಡೈರಿ ಹಾಗೆ ಕೇಳುವುದಿಲ್ಲ. ಇರಲಿ.

ಹಾಸನದ ಆಫೀಸಿಗೆ ಎಲ್ಲ ಸೈಟುಗಳ ಸೂಪರ್‌ವೈಸರುಗಳನ್ನೂ ಕರೆಸಿದ್ದರು. ನಮ್ಮದು ಹಳ್ಳಿಗಳಿಗೆ ಕುಡಿಯುವ ನೀರಿನ ಟ್ಯಾಂಕು ಕಟ್ಟುವ ಕಂಪನಿ. ನಾನಿರುವುದು ಹೊಳೆನರಸೀಪುರದ ಆಚೆಯ ಒಂದು ಕೊಪ್ಪಲಿನಲ್ಲಿ. ನನ್ನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ನಾನು ಹೋಗುವ ಹೊತ್ತಿಗೆ ಪಾಠ ಮುಗಿಯುತ್ತಾ ಬಂದಿತ್ತು. ಪಾಠ ಹೇಳಿದ್ದು ಶಿವರಂಜನಿ ಎಂಬ ಹುಡುಗಿ, ಆಫೀಸಿನ ಇಂಜಿನಿಯರು, ಅರಕಲಗೂಡಿನವಳು. ಇನ್ನು ಮೇಲೆ ಕೆಲಸ ಎಷ್ಟಾಯಿತೆಂದು ಯಾರೂ ಫೋನ್ ಮಾಡಿ ಕೇಳುವುದಿಲ್ಲವಂತೆ. ಹೊಸ ಸಾಫ್ಟ್‌ವೇರ್ ಬಂದಿದೆ. ಮೊಬೈಲಿನಲ್ಲಿ ಒಂದೊಂದು ಕೆಲಸದ ಮುಂದೆಯೂ ಒಂದು ಗುರುತು ಒತ್ತಬೇಕು, ಅಷ್ಟೇ. ಆ ಗುರುತಿಗೆ ಐಕಾನ್ ಅನ್ನುತ್ತಾರೆ.

ಮುಂದಿನ ಬೆಂಚಿನಲ್ಲಿ ಚನ್ನರಾಯಪಟ್ಟಣದ ಸೈಟಿನ ಪುಟ್ಟರಾಜು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ನನಗೆ ಅವರ ಬೆನ್ನು ಮಾತ್ರ ಕಂಡಿತು. ನನ್ನ ಪಾಲಿಗೆ ಉಳಿದಿದ್ದು ಗೋಡೆಯ ಮೇಲಿನ ಕೊನೆಯ ಚಿತ್ರ. ಬೂದಿ ಬಣ್ಣದ ಸೊನ್ನೆ, ಹಳದಿ ಸೊನ್ನೆ, ಹಸಿರು ಸೊನ್ನೆ, ಕೆಂಪು ಸೊನ್ನೆ. ಪಕ್ಕದಲ್ಲಿ ಒಂದು ಕಣ್ಣು.

"ಅರ್ಥ ಆಯ್ತಲ್ಲ ಸರ್?" ಎಂದಳು ಶಿವರಂಜನಿ.

"ಆಯ್ತು ತಾಯಿ" ಎಂದೆ. ಅಷ್ಟು ಜನರ ಮುಂದೆ ಇನ್ನೇನು ಹೇಳಲಿ?

ಫೆಬ್ರವರಿ 5, ಬುಧವಾರ

ಗುರುತುಗಳ ಗುಟ್ಟು ತಾನಾಗಿ ಬಿಡಿಸಿಕೊಂಡಿತು. ಬೂದಿ ಎಂದರೆ ಇನ್ನೂ ಕೈ ಹಚ್ಚಿಲ್ಲ. ಹಳದಿ ಅರಿಶಿನ, ಕೆಲಸ ಶುರುವಾಗಿದೆ. ಹಸಿರು ಸ್ವಲ್ಪ ಕಾಡಿತು. ಆಮೇಲೆ ಎದುರಿಗಿದ್ದ ಗದ್ದೆ ನೋಡಿದೆ. ಪೈರು ಹಸಿರಿದ್ದರೆ ಕೊಯ್ಲಿಗೆ ಬಂದಿಲ್ಲವೆಂದು ತಾನೆ? ಹಾಗಾದರೆ ಅದು ಬಲಿಯದ ಕೆಲಸ. ಕೆಂಪನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅದರ ನಡುವೆ ಒಂದು ನೆಟ್ಟನೆ ಗೀಟು, ಕೆಳಗೊಂದು ಬೊಟ್ಟು. ಥೇಟ್ ಹಣೆಗಿಟ್ಟಂತಿದೆ. ನಮ್ಮ ಮೇಸ್ತ್ರಿ ಸಿದ್ದೇಶ ಯಾವ ಕಂಬ ಮುಗಿದರೂ ಅದಕ್ಕೊಂದು ಕುಂಕುಮದ ಬೊಟ್ಟಿಡದೆ ಮುಂದಿನದಕ್ಕೆ ಹೋಗುವವನಲ್ಲ. ಬೊಟ್ಟು ಬಿತ್ತೆಂದರೆ ಆ ಕೆಲಸ ಮುಗಿಯಿತು.

ಅವನನ್ನೂ ಕೇಳಿದೆ.

"ಅಂಗೇ ಇರ್ಬೇಕು ಕಣ್ ಸಾ" ಎಂದ. "ಕೆಂಪು ಅಂದ್ರೆ ಶುಭ ತಾನೆ. ಒತ್ತಿ, ಒತ್ತಿ. ಕಂಬ ಎಲ್ಲಾ ಎದ್ ನಿಂತವೆ, ಒಂದ್ನೂ ಬಿಡಬ್ಯಾಡಿ."

ಪಾಯ, ಕಂಬ, ತೊಲೆ, ಟ್ಯಾಂಕಿನ ತಳ, ಎಲ್ಲಕ್ಕೂ ಒತ್ತಿದೆ. ಪರದೆ ತುಂಬ ಕುಂಕುಮ. ನೋಡಲು ಲಕ್ಷಣವಾಗಿತ್ತು.

ಫೆಬ್ರವರಿ 6, ಗುರುವಾರ

ಬೆಳಿಗ್ಗೆ ಧೂಳೆಬ್ಬಿಸಿಕೊಂಡು ಕಂಪನಿಯ ಜೀಪು ಬಂತು. ನಿಲ್ಲುವ ಮೊದಲೇ ಮ್ಯಾನೇಜರ್ ಅರುಣ್‌ಕುಮಾರ್ ಕೆಳಗೆ ಹಾರಿದರು. "ಎಲ್ಲಿ? ಎಲ್ಲಿ ಬಿತ್ತು? ಯಾರಿಗೇನಾಯ್ತು?"

ಟ್ಯಾಂಕು ನಿಂತಿತ್ತು. ಸಿದ್ದೇಶನ ಆಳುಗಳು ಮೇಲಿನಿಂದ ಬಗ್ಗಿ ನೋಡುತ್ತಿದ್ದರು. ನಾನು ಹಲ್ಲುಜ್ಜುತ್ತಾ ನಿಂತಿದ್ದೆ. ಶಿವರಂಜನಿ ಒಮ್ಮೆ ಕಂಬಗಳ ಮೇಲಿನ ಬೊಟ್ಟುಗಳನ್ನು ನೋಡಿದಳು, ಒಮ್ಮೆ ಮೊಬೈಲ್ ನೋಡಿದಳು. ಆಮೇಲೆ ಜೀಪಿನ ಬಾಗಿಲು ಹಿಡಿದುಕೊಂಡು ನಗಲು ಶುರು ಮಾಡಿದಳು. ಅವಳ ಜೊತೆ ಬಂದಿದ್ದ ಶಶಿಕಿರಣ್ ಎಂಬ ಹೊಸ ಇಂಜಿನಿಯರನೂ ನಕ್ಕ. ಕೊನೆಗೆ ಅರುಣ್‌ಕುಮಾರರಿಗೂ ತಡೆಯಲಾಗಲಿಲ್ಲ.

"ಆದಿರಾಜಯ್ಯನೋರೆ, ಕೆಂಪು ಅಂದ್ರೆ ಕೆಲಸ ನಿಂತೋಗಿದೆ, ಓಡಿ ಬನ್ನಿ ಅಂತ! ಮುಗಿದಿದ್ದಕ್ಕೆ ಹಸಿರು ಕಣ್ರೀ, ಹಸಿರು."

ಎದುರಿನ ಹೋಟೆಲಿನ ಮಾಯಮ್ಮ ಎಲ್ಲರಿಗೂ ಟೀ ತಂದಳು. ಬೆಲ್ಲದ ಟೀ. ಜಗುಲಿಯ ಮೇಲೆ ಸಾಲಾಗಿ ಕೂತು ಕುಡಿದೆವು. ಕುಂಕುಮದ ವಿಷಯ ಹೇಳಿ ಹೇಳಿ ನಕ್ಕೆವು. ಜೀಪು ಹೋದ ಮೇಲೆ ಲೋಟಗಳನ್ನು ನಾನೇ ಎತ್ತಿಕೊಂಡು ಹೋಗಿ ಕೊಟ್ಟೆ. ಒಳ್ಳೆಯ ದಿನ.

ಫೆಬ್ರವರಿ 20, ಗುರುವಾರ

ಎಲ್ಲವೂ ಹಸಿರು. ಯಾರ ಫೋನೂ ಇಲ್ಲ. ಮೊದಲು ವಾರಕ್ಕೆರಡು ಸಲವಾದರೂ ಆಫೀಸಿನಿಂದ ಸಿಮೆಂಟ್ ಎಷ್ಟಿದೆ, ಕಬ್ಬಿಣ ಬಂತಾ ಎಂದು ಕೇಳುತ್ತಿದ್ದರು. ಈಗ ಕೇಳುವುದೇನಿದೆ, ಎಲ್ಲ ಕಾಣುತ್ತದೆ.

ಆ ಕಣ್ಣಿನ ಗುರುತು ಏನೆಂದು ತಿಳಿಯಿತು. ನಾವು ಹಾಕಿದ್ದನ್ನು ಯಾರಾದರೂ ನೋಡಿದರೆ ಅದರ ಪಕ್ಕ ಒಂದು ಅಂಕಿ ಮೂಡುತ್ತದೆ. ನಮ್ಮ ಜೈನರಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಐದೂವರೆಗೆಲ್ಲ ತಟ್ಟೆ ತೊಳೆದಿಟ್ಟರೆ ಆಮೇಲಿನ ಸಂಜೆ ಬಹಳ ಉದ್ದ. ಮಾಯಮ್ಮ ಆಡಿಕೊಳ್ಳುತ್ತಾಳೆ: "ನಿಮ್ದು ಕೋಳಿ ಗೂಡು ಸೇರಕ್ ಮುಂಚೇನೇ ಊಟ ಆಗೋಯ್ತದಲ್ಲ ಸಾ. ಇನ್ನ ಮಲಗಗಂಟ ಏನ್ ಮಾಡೀರಿ?" ಕಣ್ಣು ನೋಡುತ್ತೇನೆ. ಇವತ್ತು ಅದರ ಪಕ್ಕ ಏನೂ ಇಲ್ಲ.

ಮಾರ್ಚ್ 4, ಮಂಗಳವಾರ

ಟ್ಯಾಂಕಿನ ಗಾರೆ ಮುಗಿದು ಸಿದ್ದೇಶನೂ ಆಳುಗಳೂ ಅರಕಲಗೂಡಿನ ಸೈಟಿಗೆ ಹೋದರು. ಹಲಗೆ, ಬಾಣಲೆ, ರೇಡಿಯೊ ಎಲ್ಲ ಲಾರಿ ಹತ್ತಿದವು. ಬಣ್ಣದವರು ಬಂದು ಹೋಗುತ್ತಾರೆ. ಇನ್ನು ಟ್ಯಾಂಕಿಗೆ ನೀರು ತುಂಬಿಸಿ, ಎಲ್ಲಾದರೂ ಜಿನುಗುತ್ತದೆಯೇ ಎಂದು ಕಾದು ನೋಡುವುದು ನನ್ನೊಬ್ಬನ ಕೆಲಸ.

ಭಾನುವಾರ ಊರಿಗೆ ಹೋಗಲಿಲ್ಲ. ಬೆಳಗೊಳದ ಪಕ್ಕದ ನಮ್ಮ ಮನೆಗೆ ಇಲ್ಲಿಂದ ಎರಡು ಬಸ್ಸು. ಹೋಗಿ ಏನು ಮಾಡುವುದು. ಬೀಗದ ಕೈ ಟ್ರಂಕಿನಲ್ಲಿದೆ. ನಮ್ಮ ಕಡೆ ಬಾಗಿಲು ನೋಡಿದರೆ ಒಳಗಿನದು ಗೊತ್ತಾಗುತ್ತದೆ. ಬೇವಿನ ಸೊಪ್ಪು ಸಿಕ್ಕಿಸಿದ್ದರೆ ಅಮ್ಮ ಬಂದಿದ್ದಾಳೆ, ಮಾವಿನ ಸೊಪ್ಪು ಕಟ್ಟಿದ್ದರೆ ಶುಭಕಾರ್ಯ, ಅಂಗಳದಲ್ಲಿ ರಂಗೋಲಿ ಇಲ್ಲದಿದ್ದರೆ ಏನೆಂದು ಯಾರೂ ಕೇಳುವುದಿಲ್ಲ. ನಮ್ಮ ಅಂಗಳವನ್ನು ನಾನು ನೋಡಲಾರೆ.

ಮಾರ್ಚ್ 13, ಗುರುವಾರ

ಟ್ಯಾಂಕಿನ ಗೋಡೆಯ ಕೆಳಭಾಗದಲ್ಲಿ ಅಂಗೈಯಗಲ ತೇವ. ಏಣಿ ಹತ್ತಿ ಮುಟ್ಟಿ ನೋಡಿದೆ. ನಿಜವೇ. ಕೆಂಪು ಒತ್ತಿದೆ.

ಏಣಿ ಇಳಿದಿರಲಿಲ್ಲ, ಫೋನು ಬಂತು. ಶಿವರಂಜನಿ. "ಸರ್, ಏನಾಯ್ತು? ನೀವು ಮೇಲಿದೀರಾ? ಮೊದಲು ಇಳೀರಿ, ಆಮೇಲೆ ಮಾತಾಡಿ." ತೇವ ಎಷ್ಟಗಲ, ಹನಿ ಬೀಳುತ್ತಿದೆಯಾ, ಬರಿಯ ಒದ್ದೆಯಾ, ಎಲ್ಲ ಕೇಳಿದಳು. ಕಾದು ನೋಡೋಣ, ಸಣ್ಣದಾದರೆ ಕಾಂಕ್ರೀಟು ತಾನೇ ಮುಚ್ಚಿಕೊಳ್ಳುತ್ತದೆ ಎಂದೆ. "ಹಾಗಾದ್ರೆ ದಿನಾ ನಾಲ್ಕು ಗಂಟೆಗೆ ಫೋನ್ ಮಾಡಿ ವಿಚಾರಿಸ್ತೀನಿ ಸರ್" ಎಂದಳು.

ಮಾರ್ಚ್ 16, ಭಾನುವಾರ

ತೇವ ಆರಿದೆ. ಬಿಸಿಲಿಗೆ ಆರಿದ್ದೋ, ಒಳಗಿನಿಂದಲೇ ನಿಂತಿದ್ದೋ ಹೇಳಲಾಗದು. ಇನ್ನೊಂದು ದಿನ ನೋಡುವುದು ಒಳ್ಳೆಯದೆಂದು ಕೆಂಪನ್ನು ಹಾಗೇ ಬಿಟ್ಟೆ. ಭಾನುವಾರವೂ ಫೋನ್ ಮಾಡಿದಳು, ಒಳ್ಳೆಯ ಹುಡುಗಿ.

ಮಾರ್ಚ್ 19, ಬುಧವಾರ

ಇವತ್ತಿನ ಮಾತು ತೇವದಿಂದ ಶುರುವಾಗಿ ಎಲ್ಲಿಗೋ ಹೋಯಿತು. ನಾನು ಚಿಕ್ಕವನಿದ್ದಾಗ ನಮ್ಮ ಬಾವಿ ತೋಡಿಸಿದ ಕಥೆ ಹೇಳಿದೆ. ನೀರು ಸಿಗಲಿಲ್ಲವೆಂದು ಬಾವಿ ತೋಡುವವರೆಲ್ಲ ಬಿಟ್ಟು ಹೋದರು. ನಮ್ಮ ಅಜ್ಜಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ತಾನೇ ಇಳಿಯುತ್ತೇನೆಂದು ನಿಂತಳು. ಅವಳನ್ನು ಇಳಿಸುವುದಕ್ಕೆ ಊರಿನ ಗಂಡಸರಿಗೆಲ್ಲ ಭಯ, ಬಿಡುವುದಕ್ಕೂ ಭಯ. ಅಷ್ಟು ಹೇಳಿ ನಿಲ್ಲಿಸಿದೆ. ಅವಳಿಗೆ ಆಫೀಸಿನ ಕೆಲಸವಿರುತ್ತದೆ ಎಂದು.

"ಆಮೇಲೆ ಸರ್?" ಎಂದಳು.

ಆ ಮಾತು ಕೇಳಿ ಬಹಳ ದಿನವಾಗಿತ್ತು. ಮಿಕ್ಕಿದ್ದನ್ನೂ ಹೇಳಿದೆ.

ಅವಳೇ ಒಂದು ಮಾತು ಹೇಳಿದಳು. ಚನ್ನರಾಯಪಟ್ಟಣದ ಸೈಟು ಬರೀ ಹಸಿರಂತೆ, ಒಂದು ದಿನವೂ ತಪ್ಪಿಲ್ಲವಂತೆ. ಅರುಣ್‌ಕುಮಾರರು ಮೀಟಿಂಗಿನಲ್ಲಿ ಪುಟ್ಟರಾಜುವಿನ ಹೆಸರು ಹೇಳಿ ಹೊಗಳುತ್ತಾರಂತೆ. ಹೊಗಳಲಿ.

ಮಾರ್ಚ್ 22, ಶನಿವಾರ

ತೇವದ ಫೋಟೊ ಹಾಕಿ ಎಂದು ಆಫೀಸಿನಿಂದ ಸಂದೇಶ ಬಂದಿತ್ತು. ಏಣಿ ಹತ್ತಿದೆ. ಬಿಸಿಲು ಹೆಚ್ಚೆಂದು ನೀರಿನ ಬಾಟಲಿ ಕೈಯಲ್ಲೇ ಇತ್ತು. ಒಂದು ಕೈಯಲ್ಲಿ ಮೊಬೈಲು, ಒಂದು ಕೈಯಲ್ಲಿ ಬಾಟಲಿ. ಹಾಗಿರುವಾಗ ಸ್ವಲ್ಪ ನೀರು ಗೋಡೆಗೆ ತಾಗಿತು. ಫೋಟೊ ತೆಗೆದು ಹಾಕಿದೆ.

ಇಳಿದು ಬಂದರೆ ಮಾಯಮ್ಮ ಬಾಗಿಲಲ್ಲಿ ನಿಂತಿದ್ದಳು, ಕಂಕುಳಲ್ಲಿ ಬಿಂದಿಗೆ.

"ಏನ್ ಸಾ, ಗ್ವಾಡೆಗೆ ನೀರ್ ಕುಡಿಸ್ತಿದ್ರಾ? ಅದಕ್ಕೂ ಬಾಯಾರಿತ್ತಾ?"

"ಕೈ ಜಾರಿತು ಮಾಯಮ್ಮ."

"ನೀವ್ ಗ್ವಾಡೆಗಾದ್ರೂ ಕುಡಿಸ್ತೀರಿ. ನಮ್ಗೆ ಯಾವತ್ತು? ಓದ್ ತಿಂಗ್ಳೇ ಬತ್ತದೆ ಅಂದ್ರಿ. ಈ ಮಂಡೀಲಿ ಕೆಳಗಿನ ಬೋರಿಗೆ ಓಗಿ ಓಗಿ ಬಂದ್ರೆ, ಸಾಯಂಕಾಲ ಕಾಲು ನಂದೋ ಬ್ಯಾರೆಯೋರ್ದೋ ಗೊತ್ತಾಗಕ್ಕಿಲ್ಲ."

ಹೊಳೆ ಹೇಮಾವತಿ ಈ ಕೊಪ್ಪಲಿನ ಕಣ್ಣಿಗೆ ಕಾಣುತ್ತಾಳೆ, ಬಿಂದಿಗೆಗೆ ಬರುವುದಿಲ್ಲ. ಅದಕ್ಕೇ ಟ್ಯಾಂಕು. ತೇವ ಪೂರ್ತಿ ಆರಲಿ ಅಂದೆ. ನಾಲ್ಕು ಗಂಟೆಗೆ ಫೋನು ಬಂತು.

ಮಾರ್ಚ್ 25, ಮಂಗಳವಾರ

ಇವತ್ತು ಫೋನ್ ಮಾಡಿದವರು ಅರುಣ್‌ಕುಮಾರ್. ದನಿ ಎತ್ತಲಿಲ್ಲ. ಎತ್ತಿದ್ದರೆ ವಾಸಿಯಿತ್ತು.

"ಆದಿರಾಜಯ್ಯನೋರೆ, ಒಂದು ತೇವ ಎಷ್ಟು ದಿನ? ಹಬ್ಬದೊಳಗೆ ಊರಿಗೆ ನೀರು ಬಿಡಬೇಕು ಅಂತ ಪಂಚಾಯ್ತಿಯವರು ಕೂತಿದಾರೆ. ತಿಂಗಳ ಕೊನೆಗೂ ಕೆಂಪೇ ಇದ್ರೆ ಒಂದನೇ ತಾರೀಕು ಶಶಿಕಿರಣ್ ಬಂದು ಸೈಟ್ ತಗೋತಾನೆ. ನೀವು ಊರಿಗೆ ಹೋಗಿ ರೆಸ್ಟ್ ತಗೊಳ್ಳಿ. ವಯಸ್ಸೂ ಆಯ್ತು."

ಊರಿಗೆ ಹೋಗಿ ರೆಸ್ಟ್ ತೆಗೆದುಕೊಳ್ಳುವುದು. ಆ ಬೀಗದ ಹಿಂದೆ ಕೂತು. ಇವತ್ತು ಊಟ ಸೇರಲಿಲ್ಲ. ಹಸಿರು ಒತ್ತಿದರೆ ಕೆಲಸ ಉಳಿಯುತ್ತದೆ. ಒಂದು ಬೆರಳಿನ ಕೆಲಸ. ಬೆರಳಿಟ್ಟೆ, ತೆಗೆದೆ. ನಾಳೆ ನಾಲ್ಕು ಗಂಟೆ ಕಳೆಯಲಿ.

ಮಾರ್ಚ್ 28, ಶುಕ್ರವಾರ

ಶಿವರಂಜನಿ ತಾನೇ ಬಂದಳು. ಜೀಪಿಲ್ಲ. ಹಾಸನದಿಂದ ಬಸ್ಸಿನಲ್ಲಿ ಬಂದು, ಕೈಮರದಲ್ಲಿಳಿದು, ಬಿಸಿಲಲ್ಲಿ ನಡೆದು. ಮುಖ ಕೆಂಪಾಗಿತ್ತು. ಮಾಯಮ್ಮ ಕೊಟ್ಟ ಮಜ್ಜಿಗೆಯನ್ನು ನಿಂತೇ ಕುಡಿದಳು.

"ನಿಮ್ಮ ಬಗ್ಗೆ ನಾನು ಮ್ಯಾನೇಜರ್ ಹತ್ರ ವಾದ ಮಾಡ್ದೆ ಸರ್. ಆದಿರಾಜಯ್ಯ ಸರ್ ಸುಮ್ಮನೆ ಕೆಂಪು ಹಾಕೋರಲ್ಲ, ಕಣ್ಣಾರೆ ನೋಡ್ಕೊಂಡು ಬಂದು ಹೇಳ್ತೀನಿ ಅಂದೆ. ಎಲ್ಲಿ, ತೋರಿಸಿ."

ಏಣಿ ಅಲ್ಲಾಡುತ್ತದೆ, ಗಾಳಿ ಇದೆ, ಬೇಡ ಎಂದೆ. ಅವಳು ದುಪಟ್ಟಾವನ್ನು ಸೊಂಟಕ್ಕೆ ಕಟ್ಟಿಕೊಂಡು ಹತ್ತಿಬಿಟ್ಟಳು. ನಾನು ಕೆಳಗೆ ಏಣಿ ಹಿಡಿದು ನಿಂತಿದ್ದೆ. ಮೇಲೆ ಅವಳು ಗೋಡೆಯ ಮೇಲೆ ಅಂಗೈ ಇಟ್ಟು, ಸರಿಸಿ, ಮತ್ತೆ ಇಟ್ಟು ನೋಡುವುದು ಕಾಣುತ್ತಿತ್ತು. ಜ್ವರ ಬಂದವರ ಹಣೆ ಮುಟ್ಟಿ ನೋಡುವ ಹಾಗೆ. ಅಲ್ಲಿ ಏನೂ ಸಿಗುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಸಿಗಲಿ ಅಂದುಕೊಂಡೆ.

"ಒಣಗಿದೆ ಸರ್" ಎಂದು ಕೂಗಿದಳು.

"ಬೆಳಿಗ್ಗೆ ಇತ್ತು" ಎಂದೆ. ಬಾಯಿ ಹಾಗೆ ಹೇಳಿತು.

ಇಳಿದು ಬಂದವಳು ಮುಷ್ಟಿ ಬಿಚ್ಚಿ, ನನ್ನ ಕೈ ಹಿಡಿದು ಅದರಲ್ಲೊಂದು ನೀಲಿ ಮುಚ್ಚಳ ಇಟ್ಟಳು. ಬಾಟಲಿಯ ಮುಚ್ಚಳ. "ಮೇಲೆ ಸಿಕ್ತು. ನಿಮ್ದಿರ್ಬೇಕು" ಎಂದಳು. ಅಷ್ಟೇ. ಬಸ್ಸಿಗೆ ಇನ್ನೂ ಹೊತ್ತಿತ್ತು. ಜಗುಲಿಯ ಮೇಲೆ ಕೂತು ಕಾಲು ನೀವಿಕೊಂಡಳು.

"ವಿಚಿತ್ರ ಸರ್" ಎಂದಳು. "ನಿಮ್ಮದೊಂದು ಕೆಂಪು ಇತ್ತು ಅಂತ ನಿಮ್ಮಜ್ಜಿ ಬಾವಿಗೆ ಇಳಿದಿದ್ದೂ ಗೊತ್ತಾಯ್ತು. ಆ ಪುಟ್ಟರಾಜು ಸರ್ ಇದಾರಲ್ಲ, ಅವರ ದನಿ ಹೇಗಿದೆ ಅನ್ನೋದೇ ಮರೆತೋಯ್ತು. ಎಲ್ಲ ಹಸಿರಿದ್ರೆ ಮಾತಾಡೋಕೆ ಏನೂ ಇರಲ್ಲ ನೋಡಿ."

ಬಸ್ಸು ಹತ್ತಿಸಿ ಬಂದೆ. ಹಸಿರು ಒತ್ತಿದೆ.

ಮಾರ್ಚ್ 30, ಭಾನುವಾರ, ಯುಗಾದಿ

ಬೆಳಿಗ್ಗೆ ನೀರು ಬಿಟ್ಟರು. ಸಿದ್ದೇಶ ಅರಕಲಗೂಡಿನಿಂದ ಬೈಕಿನಲ್ಲಿ ಬಂದಿದ್ದ, ಜೇಬಿನಲ್ಲಿ ಕುಂಕುಮದ ಪೊಟ್ಟಣ. ಮೊದಲ ಕಂಬಕ್ಕೆ ಕೊನೆಯ ಬೊಟ್ಟಿಟ್ಟ. "ಈಗ್ಲಾದ್ರೂ ಕೆಂಪು ಅಂದ್ರೆ ಮುಗೀತು ಅಂತ ಒಪ್ಕೊಳ್ಳಿ ಸಾ" ಎಂದ. ನಲ್ಲಿ ಮೊದಲು ಬುಸ್ ಎಂದಿತು, ಕೆಮ್ಮಿತು, ಕೆಂಪು ಮಣ್ಣಿನ ನೀರು ಉಗುಳಿತು, ಆಮೇಲೆ ತಿಳಿಯಾಯಿತು. ಮಾಯಮ್ಮ ಬಿಂದಿಗೆ ಹಿಡಿಯುವ ಮೊದಲು ಮಂಡಿಗೆ ನೀರು ತಟ್ಟಿಕೊಂಡಳು. "ಕುಡ್ಕೊಳ್ಳಲಿ, ಇವೇ ಅಲ್ವಾ ಇಷ್ಟ್ ದಿನ ನೀರ್ ಒತ್ಕೊಂಡ್ ಬಂದಿದ್ದು" ಎಂದಳು.

ಹೊತ್ತು ಮುಳುಗುವ ಮೊದಲು ನನಗೆ ಒಬ್ಬಟ್ಟು ತಂದುಕೊಟ್ಟಳು. ತಿಂದೆ.

ಏಪ್ರಿಲ್ 1, ಮಂಗಳವಾರ

ಶಶಿಕಿರಣ್ ಬರಲಿಲ್ಲ. ಕೆಲಸ ಉಳಿಯಿತು. ಹೊಸ ಸೈಟು ಹೇಳುವವರೆಗೆ ಇಲ್ಲೇ ಇರಬೇಕಂತೆ. ಅದೂ ಸಂದೇಶದಲ್ಲಿ ಬಂತು.

ನಾಲ್ಕು ಗಂಟೆಯಾಯಿತು. ನಾಲ್ಕೂವರೆಯಾಯಿತು. ಮೊಬೈಲಿನ ಚಾರ್ಜ್ ನೋಡಿದೆ, ತುಂಬಿತ್ತು.

ಏಪ್ರಿಲ್ 2, ಬುಧವಾರ

ಮಾಡಲು ಕೆಲಸವಿಲ್ಲ. ಎಲ್ಲರ ಸೈಟೂ ನೋಡಬಹುದಲ್ಲ, ಹೊಗಳಿಸಿಕೊಳ್ಳುವವರ ಕೆಲಸ ಹೇಗಿದೆ ನೋಡೋಣವೆಂದು ಪುಟ್ಟರಾಜುವಿನದನ್ನು ತೆರೆದೆ. ಹೌದು, ಮೇಲಿನಿಂದ ಕೆಳಗೆ ಹಸಿರು. ಗದ್ದೆಯ ಹಾಗೆ.

ಆದರೆ ಓದುತ್ತಾ ಹೋದಂತೆ ಏನೋ ಸರಿಯಿಲ್ಲ ಅನ್ನಿಸಿತು. ಶನಿವಾರ ಟ್ಯಾಂಕಿನ ತಳಕ್ಕೆ ಕಾಂಕ್ರೀಟು ಹಾಕಿದ್ದು, ಹಸಿರು. ಸೋಮವಾರ ಅದನ್ನು ಕೆಳಗಿನಿಂದ ಹೊತ್ತು ನಿಂತ ಸೆಂಟ್ರಿಂಗ್ ಹಲಗೆಗಳನ್ನು ಬಿಚ್ಚಿದ್ದು, ಅದೂ ಹಸಿರು. ಎರಡು ದಿನಕ್ಕೆ ಯಾರು ಸೆಂಟ್ರಿಂಗ್ ಬಿಚ್ಚುತ್ತಾರೆ? ಹಸಿ ಕಾಂಕ್ರೀಟು ತಲೆಯ ಮೇಲೆ ಬೀಳುತ್ತದೆ. ಅಷ್ಟು ವರ್ಷ ಕೆಲಸ ಮಾಡಿದ ಮನುಷ್ಯನಿಗೆ ಗೊತ್ತಿಲ್ಲದ ವಿಷಯವೇ? ಅಂದರೆ ಆತ ಅದನ್ನು ನೋಡದೆ ಒತ್ತುತ್ತಿದ್ದಾನೆ. ಎಲ್ಲಿಂದಲೋ ಒತ್ತುತ್ತಿದ್ದಾನೆ. ಅವುಗಳ ಕಣ್ಣಿನ ಪಕ್ಕ ಒಂದು ಅಂಕಿಯೂ ಇರಲಿಲ್ಲ. ಹಸಿರನ್ನು ಯಾರು ತೆರೆದು ನೋಡುತ್ತಾರೆ?

ಪುಟ್ಟರಾಜುವಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಸಾಯಂಕಾಲ ಇನ್ನೊಮ್ಮೆ.

ಆಫೀಸಿಗೆ ಹೇಳಿದರೆ ಜೀಪು ಹೋಗುತ್ತದೆ, ಅವನ ಕೆಲಸವೂ ಹೋಗುತ್ತದೆ. ನಾನೇ ಹೋಗಿ ಬರುತ್ತೇನೆ. ಬಸ್ಸಿದೆ.

ಏಪ್ರಿಲ್ 3, ಗುರುವಾರ

ಇವತ್ತು ನಡೆದದ್ದನ್ನು ಸಾವಕಾಶವಾಗಿ ಬರೆಯಬೇಕು.

ಚನ್ನರಾಯಪಟ್ಟಣದಲ್ಲಿ ಬಸ್ಸಿಳಿದು ಆಟೊ ಹಿಡಿದೆ. ಸೈಟಿಗೆ ಹೋದರೆ ಟ್ಯಾಂಕೇ ಇಲ್ಲ. ಕಂಬಗಳು ನಿಂತಿವೆ, ಮೇಲೆ ಸೆಂಟ್ರಿಂಗ್ ಕಟ್ಟಿ ಬಿಟ್ಟಿದ್ದಾರೆ, ಕಾಂಕ್ರೀಟು ಕಂಡೇ ಇಲ್ಲ. ಮರಳಿನ ಗುಡ್ಡೆಯ ಮೇಲೆ ನಾಯಿ ಮರಿ ಹಾಕಿದೆ. ಒಂದು ಆಳಿಲ್ಲ. ಪಕ್ಕದಲ್ಲಿ ತಗಡಿನ ಶೆಡ್ಡು, ಬಿಸಿಲಿಗೆ ಕಾದು ಕೂತಿದೆ.

"ಯಾರು?" ಎಂದಿತು ಒಳಗಿನಿಂದ ಒಂದು ದನಿ.

"ಆದಿರಾಜಯ್ಯ. ಹೊಳೆನರಸೀಪುರದ ಸೈಟು."

"ಓ, ಕುಂಕುಮದೋರಾ! ಬನ್ನಿ ಬನ್ನಿ. ಎದ್ದು ಕರೀಬೇಕಿತ್ತು. ಆಗಕ್ಕಿಲ್ಲ."

ಚಾಪೆಯ ಮೇಲೆ ಒಂದೇ ಮಗ್ಗುಲಿಗೆ ಮಲಗಿದ್ದರು. ಅಂಗಿ ಹಾಕಿರಲಿಲ್ಲ. ಪಕ್ಕೆಯ ಸುತ್ತ ಬೆನ್ನಿನವರೆಗೆ ಸರ್ಪಸುತ್ತು, ಕೆಮ್ಮಣ್ಣು ಮೆತ್ತಿಕೊಂಡಿದ್ದರು. ತಲೆದೆಸೆಯಲ್ಲಿ ನೀರಿನ ಚೊಂಬು, ಬನ್ನಿನ ಪೊಟ್ಟಣ, ಮೊಬೈಲು.

"ಎಷ್ಟು ದಿನದಿಂದ?"

"ಶಿವರಾತ್ರಿ ಆದ್ಮ್ಯಾಲೆ ಕೂಲಿಯೋರು ಊರಿಗೋದ್ರು, ಬರ್ನೇ ಇಲ್ಲ. ಅದಾದ್ ಮ್ಯಾಲೆ ಇದು ಸುತ್ಕೊಂಡ್ಬುಡ್ತು. ಒಂದ್ಸಲ ಆಸ್ಪತ್ರೆಗೂ ಓಗ್ ಬಂದೆ, ಮಾತ್ರೆ ಕೊಟ್ರು. ಸುತ್ತು ಆರ್ತಾ ಅದೆ, ಉರಿ ಮಾತ್ರ ಬುಡವಲ್ದು."

"ಮನೆಯವರು?"

"ಮಗ್ಳ ಬಾಣಂತನಕ್ಕೆ ಮೈಸೂರಿಗೋಗವ್ಳೆ. ಹೇಳಿದ್ರೆ ಬಾಣಂತಿ ಬುಟ್ಟು ಓಡಿ ಬತ್ತಾಳೆ. ಹೇಳಿಲ್ಲ."

"ಆಫೀಸಿಗಾದರೂ?"

ಪುಟ್ಟರಾಜು ಮೊಬೈಲಿನ ಕಡೆ ಗದ್ದ ತಿರುಗಿಸಿದರು. "ಹೇಳ್ತಾನೇ ಇವ್ನಲ್ಲ ಕಣ್ರೀ, ದಿನಾ ಬೆಳಿಗ್ಗೆ. ಹಸಿರು, ಹಸಿರು, ಹಸಿರು. ಮಲಗಿದ್ದಲ್ಲಿಂದ ಮಾಡಬೌದಾದ್ದು ಅದೊಂದೇಯ. ಕೆಂಪು ಒತ್ತುದ್ರೆ ಬತ್ತಾರೆ. ಬಂದ್ರೆ ನೋಡ್ತಾರೆ. ನೋಡುದ್ರೆ, ವಯಸ್ಸಾಯ್ತು, ಮನೆಗೋಗಿ ರೆಸ್ಟ್ ತಗೋ ಅಂತಾರೆ. ಅವ್ರು ಬರ್ದೇ ಇರ್ಲಿ ಅಂತ ಹಸಿರು ಒತ್ತಿದ್ದು."

"ನಾನು ಬೇರೆ ಥರ" ಎಂದೆ. "ಅವರು ಬರಲಿ ಅಂತ ಕೆಂಪು ಒತ್ತುತ್ತಿದ್ದೆ."

ಬಾಯಿ ತಪ್ಪಿ ಬಂದ ಮಾತು. ಪುಟ್ಟರಾಜು ತಿರುಗಿ ನನ್ನನ್ನೇ ನೋಡಿದರು. ಆಮೇಲೆ ನಗಲು ಹೋಗಿ, ಪಕ್ಕೆ ಹಿಡಿದುಕೊಂಡು, "ಅಯ್ಯಪ್ಪ, ನಗ್ಸಬ್ಯಾಡಿ, ನಗ್ಸಬ್ಯಾಡಿ, ಉರೀತದೆ" ಎಂದರು. ಕಣ್ಣಲ್ಲಿ ನೀರು ಬಂತು. ಉರಿಗೋ ನಗುವಿಗೋ.

ಚೊಂಬಿಗೆ ನೀರು ತಂದೆ. ಬಸ್‌ಸ್ಟ್ಯಾಂಡಿನಲ್ಲಿ ಕೊಂಡಿದ್ದ ಬಾಳೆಹಣ್ಣು ಸುಲಿದು ಕೊಟ್ಟೆ. ತಿಂದಾದ ಮೇಲೆ ಹೇಳಿದೆ: "ಈಗ ಒಂದು ಒತ್ತೋಣ. ನಿಜದ್ದು."

"ಕೆಲಸ ಓಯ್ತದೆ ಕಣ್ರೀ."

"ಆಳು ಓಡಿಹೋಗಿದ್ದು ನಿಮ್ಮ ತಪ್ಪಲ್ಲ, ಸರ್ಪಸುತ್ತು ಬಂದಿದ್ದೂ ತಪ್ಪಲ್ಲ. ಇದೇ ಹಸಿರು ಇನ್ನೊಂದು ವಾರ ಇದ್ದರೆ ಮಾತ್ರ ತಪ್ಪು."

ಹೊರಗೆ ನಾಯಿಮರಿಗಳು ಕುಂಯ್‌ಗುಡುತ್ತಿದ್ದವು. "ನೀವೇ ಒತ್ತಿ" ಎಂದು ಮೊಬೈಲನ್ನು ನನ್ನ ಕಡೆ ತಳ್ಳಿದರು. "ಕುಂಕುಮ ಇಟ್ಟಂಗೆ ಒತ್ತಿ. ನಿಮ್ಗೆ ಅಭ್ಯಾಸ ಅದೆ."

ಒತ್ತಿದೆ. ಒಂದು, ಇನ್ನೊಂದು, ಮತ್ತೊಂದು. ಹಸಿರೆಲ್ಲ ಕೆಂಪಾಗುವ ಮುಂಚೆಯೇ ಅವರ ಫೋನು ಹೊಡೆದುಕೊಂಡಿತು. ಪುಟ್ಟರಾಜು ಹಾವು ಕಂಡಂತೆ ಹಿಂದಕ್ಕೆ ಸರಿದರು. ನಾನೇ ಎತ್ತಿದೆ.

"ಪುಟ್ಟರಾಜು ಸರ್, ಏನಾಯ್ತು?" ಶಿವರಂಜನಿ.

"ಪುಟ್ಟರಾಜು ಅಲ್ಲ ತಾಯಿ, ಆದಿರಾಜಯ್ಯ."

"ಸರ್? ನೀವು ಅಲ್ಲಿ..." ಎಂದು ತಡೆದಳು. ಆಮೇಲೆ, "ಸರ್, ಈ ಸಲ ಬಾಟಲಿ ನೀರಲ್ಲ ತಾನೆ?"

"ಅಲ್ಲ ಕಣಮ್ಮ. ಇದು ನಿಜದ್ದು. ಆ ಸಲದ್ದಕ್ಕೆ ಕ್ಷಮಿಸಿಬಿಡು."

"ಹೇಳಿ ಸರ್" ಎಂದಳು. ಎಲ್ಲ ಹೇಳಿದೆ.

ಏಪ್ರಿಲ್ 4, ಶುಕ್ರವಾರ

ಅರುಣ್‌ಕುಮಾರ್ ಚನ್ನರಾಯಪಟ್ಟಣದ ಸೈಟಿಗೆ ಬಂದರು, ಕೂಗಾಡಿದರು, ಪುಟ್ಟರಾಜುವಿನ ಬೆನ್ನು ನೋಡಿದ ಮೇಲೆ ದನಿ ತಗ್ಗಿಸಿದರು. ಸೋಮವಾರದಿಂದ ಸಿದ್ದೇಶ ಆಳುಗಳ ಜೊತೆ ಅಲ್ಲಿಗೆ. ಪುಟ್ಟರಾಜುವಿಗೆ ವಾಸಿಯಾಗುವವರೆಗೆ ರಜ, ಅಲ್ಲಿಯವರೆಗೆ ಸೈಟು ನನ್ನದು. "ನೀವಿಬ್ಬರೂ ಒಂದೊಂದು ಬಣ್ಣದಲ್ಲಿ ನನ್ನ ಸಾಯಿಸ್ತೀರಿ" ಎಂದು ಜೀಪು ಹತ್ತಿದರು.

ಆ ತಗಡಿನ ಶೆಡ್ಡಿನಲ್ಲಿ ಈ ಬಿಸಿಲಿಗೆ ಸುತ್ತು ಆರುವುದಿಲ್ಲ. ಅರಕಲಗೂಡಿನ ಅವರ ಮನೆಯಲ್ಲಿ ನೋಡಿಕೊಳ್ಳುವವರಿಲ್ಲ. ನಮ್ಮ ಮನೆ ಸೈಟಿನಿಂದ ಅರ್ಧ ಗಂಟೆ ದಾರಿ. ಆಟೊದವನನ್ನು ನಿಧಾನ ಹೋಗಲು ಹೇಳಿದೆ, ಹಳ್ಳಕ್ಕೆ ಇಳಿದಾಗೆಲ್ಲ ಪುಟ್ಟರಾಜು ಅವನ ವಂಶವನ್ನೇ ನೆನೆಯುತ್ತಿದ್ದರು. ಬೆಳಿಗ್ಗೆ ಕೊಪ್ಪಲಿನಿಂದ ಹೊರಡುವಾಗಲೇ ಟ್ರಂಕಿನಿಂದ ಬೀಗದ ಕೈ ತೆಗೆದುಕೊಂಡಿದ್ದೆ, ಬೀಗಕ್ಕೆ ತುಕ್ಕು ಹಿಡಿದಿರಬಹುದೆಂದು ಕೊಬ್ಬರಿ ಎಣ್ಣೆಯನ್ನೂ ತಂದಿದ್ದೆ. ಬೇಕಾಗಲಿಲ್ಲ.

ಏಪ್ರಿಲ್ 6, ಭಾನುವಾರ

ಕಸ ಗುಡಿಸಿ ನೆಲ ಒರೆಸುವುದರಲ್ಲೇ ನಿನ್ನೆ ಕಳೆಯಿತು. ಕಿಟಕಿಯ ಪಕ್ಕದ ಮಂಚ ತಂಪಾಗಿರುತ್ತದೆ, ಅದರಲ್ಲಿ ಮಲಗಿಸಿದ್ದೇನೆ. ಶಿವರಂಜನಿ ಬೆಳಿಗ್ಗೆ ಫೋನ್ ಮಾಡಿ ಇಬ್ಬರನ್ನೂ ವಿಚಾರಿಸಿದಳು. ಇವತ್ತು ರಜ, ಆಫೀಸು ಇರುವುದಿಲ್ಲ. ಯಾಕೆ ಮಾಡಿದಳೋ.

ಅಂಗಳಕ್ಕೆ ನೀರು ಹಾಕಿದೆ. ರಂಗೋಲಿ ನನಗೆ ಬರುವುದಿಲ್ಲ. ಡಬ್ಬಿಯಲ್ಲಿ ಪುಡಿ ಇತ್ತು. ನಾಲ್ಕು ಚುಕ್ಕೆ ಇಟ್ಟು ಸೇರಿಸಿದೆ, ಒಂದು ಕಡೆ ಸೊಟ್ಟಗಾಯಿತು. ಪುಟ್ಟರಾಜು ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಬಂದು ನೋಡಿದರು.

"ಇದ್ಯಾವ ಐಕಾನು ಕಣ್ರೀ? ಇದಕ್ಕೇನರ್ಥ?"

"ಮನೆಯಲ್ಲಿ ಜನ ಇದ್ದಾರೆ ಅಂತ" ಎಂದೆ.

ಹೊತ್ತು ಮುಳುಗುವ ಮುಂಚೆ ಊಟ ಮುಗಿಸಿದೆವು. ಅವರಿಗೆ ಅಷ್ಟು ಬೇಗ ಅಭ್ಯಾಸವಿಲ್ಲ, ಗೊಣಗಿದರು. ಬಾವಿಗೆ ಇಳಿಯಲು ನಿಂತ ಅಜ್ಜಿಯ ಕಥೆ ಅರ್ಧಕ್ಕೆ ನಿಲ್ಲಿಸಿ ಲೋಟ ತೊಳೆಯಲು ಎದ್ದು ಬಂದವನು ಇದನ್ನು ಬರೆಯುತ್ತಿದ್ದೇನೆ. ಇನ್ನೂ ಬರೆಯುವುದಿತ್ತು, ಆದರೆ ಒಳಗಿನಿಂದ ಕರೆಯುತ್ತಿದ್ದಾರೆ.

"ಆದಿರಾಜಯ್ಯನೋರೆ, ಎಲ್ಲೋದ್ರಿ? ಆಮೇಲೆ?"